ಬೇಡಿಕೆಯಾಧಾರಿತ ಬಟ್ಟೆ ಮುದ್ರಣ

ಬೇಡಿಕೆಯಾಧಾರಿತ ಬಟ್ಟೆ ಮುದ್ರಣ ಎಂದರೆ ಗ್ರಾಹಕನಿಂದ ಆದೇಶ ಬಂದ ಅನಂತರವೇ, ಆ ಆದೇಶಕ್ಕೆ ಬೇಕಾದಷ್ಟೇ ಪ್ರಮಾಣದಲ್ಲಿ ಬಟ್ಟೆ ಅಥವಾ ಉಡುಪಿನ ಮೇಲೆ ವಿನ್ಯಾಸವನ್ನು ಮುದ್ರಿಸಿಕೊಡುವ ಉತ್ಪಾದನಾ ಮತ್ತು ವ್ಯಾಪಾರ ಪದ್ಧತಿ. ಇದರಲ್ಲಿ ಮಾರಾಟಗಾರನು ಸಿದ್ಧ ಸರಕನ್ನು ಮೊದಲೇ ತಯಾರಿಸಿ ದಾಸ್ತಾನು ಇಡುವುದಿಲ್ಲ. ಅವನ ಬಳಿ ಇರುವುದು ವಿನ್ಯಾಸದ ಗಣಕೀಕೃತ ಕಡತ ಮಾತ್ರ. ಒಂದೇ ಒಂದು ಟೀ-ಶರ್ಟನ್ನಾಗಲಿ, ಒಂದು ಮೀಟರ್ ಬಟ್ಟೆಯನ್ನಾಗಲಿ ಮುದ್ರಿಸಲು ಸಾಧ್ಯವಾಗುವುದು ಈ ಪದ್ಧತಿಯ ಮುಖ್ಯ ಲಕ್ಷಣ. ಅಲ್ಪ ಬಂಡವಾಳದ ಮಾರಾಟಗಾರರು, ಚಿತ್ರಕಲಾವಿದರು, ಸಂಘಸಂಸ್ಥೆಗಳು ಮತ್ತು ಸಣ್ಣ ಪಟ್ಟಣಗಳ ಉದ್ಯಮಿಗಳು ಇದನ್ನು ಬಳಸುತ್ತಾರೆ. ಈ ಲೇಖನವು ಪದ್ಧತಿಯ ಇತಿಹಾಸ, ವಿಧಾನಗಳು, ವೆಚ್ಚದ ಲೆಕ್ಕ ಹಾಗೂ ಕಾನೂನಿನ ಅಂಶಗಳನ್ನು, ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳ ಪರಿಸ್ಥಿತಿಯನ್ನು ಗಮನದಲ್ಲಿರಿಸಿಕೊಂಡು ವಿವರಿಸುತ್ತದೆ.

ಹಿನ್ನೆಲೆ

ಬಟ್ಟೆಗೆ ಬಣ್ಣ ಹಾಕುವ, ಅಚ್ಚು ಒತ್ತುವ ಕಲೆ ಭಾರತದಲ್ಲಿ ಬಹು ಪ್ರಾಚೀನವಾದುದು. ಇಂದಿನ ಬಸವಕಲ್ಯಾಣವಾದ ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ವಸ್ತ್ರಗಳ ಉಪಭೋಗಕ್ಕೆಂದೇ ಒಂದು ಪ್ರಕರಣವಿದೆ. ನಾನಾ ಪ್ರದೇಶಗಳಿಂದ ಬರುತ್ತಿದ್ದ ನಾನಾ ಬಣ್ಣದ ಬಟ್ಟೆಗಳ ವಿವರ ಅಲ್ಲಿ ದೊರೆಯುತ್ತದೆ. 12ನೆಯ ಶತಮಾನದ ಶರಣ ಚಳವಳಿಯ ಕೇಂದ್ರವೂ ಇದೇ ಕಲ್ಯಾಣ. ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯನ ಕಾಯಕ ನೇಯ್ಗೆಯಾಗಿತ್ತು.

ಮರದ ಅಚ್ಚಿನ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಅಚ್ಚನ್ನು ಕೆತ್ತಬೇಕಾಗುತ್ತದೆ. 1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸ್ಯಾಮ್ಯುಯೆಲ್ ಸೈಮನ್ ಎಂಬವನು ರೇಷ್ಮೆ ಜಾಲರಿಯ ಮೂಲಕ ಬಣ್ಣವನ್ನು ಒತ್ತುವ ಪರದೆ ಮುದ್ರಣಕ್ಕೆ ಪೇಟೆಂಟ್ ಪಡೆದನು. ‘ಸ್ಕ್ರೀನ್ ಪ್ರಿಂಟಿಂಗ್’ ಎಂದು ಪ್ರಸಿದ್ಧವಾದ ಈ ವಿಧಾನವು ಇಂದಿಗೂ ಬಳಕೆಯಲ್ಲಿದೆ. ಅಚ್ಚಾಗಲಿ ಪರದೆಯಾಗಲಿ, ಮೊದಲ ಪ್ರತಿಯನ್ನು ತೆಗೆಯುವ ಮುನ್ನವೇ ಸಿದ್ಧತೆಗೆ ಖರ್ಚು ಮಾಡಬೇಕು. ಆದ್ದರಿಂದ ಒಂದೆರಡು ಪ್ರತಿಗಳನ್ನಷ್ಟೇ ಮುದ್ರಿಸುವುದು ಎಂದೂ ಲಾಭದಾಯಕವಾಗಿರಲಿಲ್ಲ. ಕಾಗದದ ಮೇಲೆ ಶಾಯಿಯನ್ನು ಸಿಂಪಡಿಸುವ ಇಂಕ್‌ಜೆಟ್ ತಂತ್ರವು ಬಟ್ಟೆಗೂ ಅನ್ವಯವಾದಾಗ ಈ ಅಡಚಣೆ ನಿವಾರಣೆಯಾಯಿತು.

ಜಾಗತಿಕವಾಗಿ 1999ರಲ್ಲಿ ಆರಂಭವಾದ ಅಮೆರಿಕದ ಕೆಫೆಪ್ರೆಸ್, 2002ರಲ್ಲಿ ಆರಂಭವಾದ ಜರ್ಮನಿಯ ಸ್ಪ್ರೆಡ್‌ಶರ್ಟ್ ಮೊದಲಾದವು ಅಂತರಜಾಲದ ಮೂಲಕ ಈ ಸೇವೆಯನ್ನು ಜನಪ್ರಿಯಗೊಳಿಸಿದವು. ಉಡುಪಿನ ಬದಲು ಮೀಟರ್ ಲೆಕ್ಕದಲ್ಲಿ ಬಟ್ಟೆಯನ್ನೇ ಮುದ್ರಿಸಿಕೊಡುವ ಸ್ಪೂನ್‌ಫ್ಲವರ್ 2008ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿ ಸ್ಥಾಪನೆಯಾಯಿತು.

ಕರ್ನಾಟಕದಲ್ಲಿ ಗಮನಾರ್ಹ ಉದಾಹರಣೆ ಎಂದರೆ ಮಿಂತ್ರಾ. ಇಂದು ಸಿದ್ಧ ಉಡುಪುಗಳ ಮಾರಾಟ ತಾಣವಾಗಿ ಹೆಸರಾಗಿರುವ ಈ ಸಂಸ್ಥೆಯು 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ, ಗ್ರಾಹಕರು ಬಯಸಿದ ಚಿತ್ರ ಮತ್ತು ಹೆಸರುಗಳನ್ನು ಟೀ-ಶರ್ಟು, ಬಟ್ಟಲು ಮುಂತಾದ ಉಡುಗೊರೆಗಳ ಮೇಲೆ ಬೇಡಿಕೆಗೆ ಅನುಗುಣವಾಗಿ ಮುದ್ರಿಸಿಕೊಡುತ್ತಿತ್ತು. ಕೆಲವು ವರ್ಷಗಳ ಬಳಿಕ ಅದು ಈ ವ್ಯವಹಾರವನ್ನು ಬಿಟ್ಟು ಬ್ರ್ಯಾಂಡ್ ಉಡುಪುಗಳ ಮಾರಾಟಕ್ಕೆ ಹೊರಳಿತು. 2014ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಖರೀದಿಸಿತು. ಪ್ರಸ್ತುತ ಮಾರಾಟಗಾರರ ಪರವಾಗಿ ಮುದ್ರಿಸಿ ರವಾನಿಸುವ ಸಂಸ್ಥೆಗಳು ದಕ್ಷಿಣ ಭಾರತದಲ್ಲಿ ಹೆಣಿಗೆ ಉಡುಪಿನ ಕೇಂದ್ರವಾದ ತಿರುಪ್ಪೂರು ಹಾಗೂ ಚೆನ್ನೈ ನಗರಗಳಲ್ಲಿವೆ. ತಿರುಪ್ಪೂರಿನ ಕ್ವಿಕಿಂಕ್ ಮತ್ತು ಚೆನ್ನೈಯ ಪ್ರಿಂಟ್‌ರೋವ್ ಇವುಗಳಿಗೆ ನಿದರ್ಶನ.

ಮುದ್ರಣ ವಿಧಾನಗಳು

ಯಾವ ನೂಲಿಗೆ ಯಾವ ಶಾಯಿ ಹೊಂದುತ್ತದೆ ಎಂಬುದೇ ವಿಧಾನದ ಆಯ್ಕೆಯನ್ನು ನಿರ್ಧರಿಸುತ್ತದೆ.

ಉಡುಪಿಗೆ ನೇರ ಮುದ್ರಣ: ಡಿಟಿಜಿ ಎಂದು ಕರೆಯಲಾಗುವ ಈ ವಿಧಾನದಲ್ಲಿ ಹೊಲಿದ ಉಡುಪನ್ನೇ ಯಂತ್ರದ ಹಲಗೆಯ ಮೇಲೆ ಹಾಸಿ ನೀರಿನಾಧಾರಿತ ವರ್ಣದ್ರವ್ಯದ ಶಾಯಿಯನ್ನು ಸಿಂಪಡಿಸಲಾಗುತ್ತದೆ. ಹತ್ತಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಗಾಢ ಬಣ್ಣದ ಬಟ್ಟೆಗೆ ಮೊದಲು ಪೂರ್ವಲೇಪನ ಮಾಡಿ, ಬಿಳಿ ಶಾಯಿಯ ತಳಪದರವನ್ನು ಹಾಕಿ, ಅದರ ಮೇಲೆ ಬಣ್ಣಗಳನ್ನು ಮುದ್ರಿಸಬೇಕು. ಅನಂತರ ಶಾಖ ನೀಡಿ ಶಾಯಿಯನ್ನು ಗಟ್ಟಿಗೊಳಿಸಲಾಗುತ್ತದೆ. ಮುದ್ರಣವು ಬಟ್ಟೆಯಲ್ಲಿ ಇಳಿದಿರುವುದರಿಂದ ಮುಟ್ಟಲು ಮೃದುವಾಗಿರುತ್ತದೆ.

ಫಿಲ್ಮಿನ ಮೂಲಕ ವರ್ಗಾವಣೆ: ಡಿಟಿಎಫ್ ಎಂಬ ಈ ವಿಧಾನದಲ್ಲಿ ಚಿತ್ರವನ್ನು ಮೊದಲು ಪಾಲಿಯೆಸ್ಟರ್ ಫಿಲ್ಮಿನ ಮೇಲೆ ತಿರುವುಮುರುವಾಗಿ ಮುದ್ರಿಸಿ, ಅದರ ಮೇಲೆ ಅಂಟಿನ ಪುಡಿಯನ್ನು ಉದುರಿಸಿ ಕರಗಿಸಲಾಗುತ್ತದೆ. ಬಳಿಕ ಫಿಲ್ಮನ್ನು ಬಟ್ಟೆಯ ಮೇಲಿಟ್ಟು ಸುಮಾರು 150ರಿಂದ 160 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಸೆಕೆಂಡುಗಳ ಕಾಲ ಒತ್ತುತ್ತಾರೆ. ಹತ್ತಿ, ಪಾಲಿಯೆಸ್ಟರ್, ಮಿಶ್ರ ನೂಲು ಎಲ್ಲಕ್ಕೂ ಇದು ಅಂಟುತ್ತದೆ. ಆದರೆ ಮುದ್ರಿತ ಭಾಗವು ತೆಳು ಪದರದಂತೆ ಬಟ್ಟೆಯ ಮೇಲೆ ನಿಲ್ಲುವುದರಿಂದ ದೊಡ್ಡ ಚಿತ್ರಗಳಲ್ಲಿ ಗಾಳಿಯಾಡುವುದಿಲ್ಲ.

ಉತ್ಪತನ ಮುದ್ರಣ: ಸಬ್ಲಿಮೇಶನ್ ಎಂದು ಹೆಸರಾದ ಇದರಲ್ಲಿ ವಿಶೇಷ ಬಣ್ಣಗಳನ್ನು ಕಾಗದದ ಮೇಲೆ ಮುದ್ರಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿದಾಗ ಬಣ್ಣವು ಆವಿಯಾಗಿ ನೂಲಿನೊಳಗೆ ಸೇರುತ್ತದೆ. ಪಾಲಿಯೆಸ್ಟರಿಗೆ ಮಾತ್ರ, ಅದರಲ್ಲೂ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಗೆ ಇದು ಸೂಕ್ತ. ಕ್ರೀಡಾ ಉಡುಪುಗಳು ಹೆಚ್ಚಾಗಿ ಹೀಗೆಯೇ ತಯಾರಾಗುತ್ತವೆ.

ಥಾನಿನ ಮೇಲೆ ಗಣಕೀಕೃತ ಮುದ್ರಣ: ಸೀರೆ, ಕುಪ್ಪಸ, ಪರದೆಗಳಿಗಾಗಿ ಮೀಟರ್ ಲೆಕ್ಕದಲ್ಲಿ ಮುದ್ರಿಸುವಾಗ ಹತ್ತಿಗೆ ರಿಯಾಕ್ಟಿವ್ ಶಾಯಿಯನ್ನೂ, ರೇಷ್ಮೆಗೆ ಆಮ್ಲೀಯ ಶಾಯಿಯನ್ನೂ ಬಳಸುತ್ತಾರೆ. ಇವೆರಡರಲ್ಲೂ ಮುದ್ರಣದ ಬಳಿಕ ಬಟ್ಟೆಯನ್ನು ಹಬೆಯಲ್ಲಿರಿಸಿ, ಅಂಟದೆ ಉಳಿದ ಬಣ್ಣವನ್ನು ತೊಳೆದು ತೆಗೆಯಬೇಕಾಗುತ್ತದೆ. ಆದ್ದರಿಂದ ನೀರಿನ ಸೌಕರ್ಯ ಮತ್ತು ತ್ಯಾಜ್ಯನೀರಿನ ಶುದ್ಧೀಕರಣ ಅನಿವಾರ್ಯ.

ಕಾರ್ಯವಿಧಾನ

ಮಾರಾಟಗಾರನು ತನ್ನ ವಿನ್ಯಾಸವನ್ನು ಮಾರಾಟ ತಾಣದಲ್ಲಿ ಅಥವಾ ತನ್ನದೇ ಅಂಗಡಿಯ ಪುಟದಲ್ಲಿ ಪ್ರದರ್ಶಿಸುತ್ತಾನೆ. ಗ್ರಾಹಕನು ಅಳತೆ, ಬಣ್ಣ ಆರಿಸಿ ಹಣ ಪಾವತಿಸಿದ ಕೂಡಲೆ ಆದೇಶವು ಮುದ್ರಣ ಸಂಸ್ಥೆಗೆ ತಲುಪುತ್ತದೆ. ಸಂಸ್ಥೆಯು ಖಾಲಿ ಉಡುಪನ್ನು ತೆಗೆದು, ಮುದ್ರಿಸಿ, ಪರಿಶೀಲಿಸಿ, ಮಾರಾಟಗಾರನ ಹೆಸರಿನ ಪೊಟ್ಟಣದಲ್ಲಿ ಗ್ರಾಹಕನಿಗೆ ನೇರವಾಗಿ ಕಳುಹಿಸುತ್ತದೆ. ಗ್ರಾಹಕ ಕೊಟ್ಟ ಬೆಲೆಯಿಂದ ಉಡುಪು, ಮುದ್ರಣ, ಸಾಗಣೆ, ತಾಣದ ಶುಲ್ಕ ಮತ್ತು ತೆರಿಗೆ ಕಳೆದು ಉಳಿದುದು ಮಾರಾಟಗಾರನ ಲಾಭ.

ವಿನ್ಯಾಸದ ಕಡತವು ಸ್ಪಷ್ಟವಾಗಿರುವುದು ಅಗತ್ಯ. ಒಂದು ಅಂಗುಲಕ್ಕೆ 300 ಬಿಂದುಗಳ ಲೆಕ್ಕದಲ್ಲಿ 12 ಅಂಗುಲ ಅಗಲ, 16 ಅಂಗುಲ ಎತ್ತರದ ಚಿತ್ರಕ್ಕೆ 3600 × 4800 ಬಿಂದುಗಳು ಬೇಕು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಕಡತ ಕುಗ್ಗಿ ಸ್ಪಷ್ಟತೆ ನಷ್ಟವಾಗುವುದರಿಂದ, ದಾಖಲೆಯ ರೂಪದಲ್ಲಿ ಕಳುಹಿಸುವುದು ಲೇಸು. ಪರದೆಯ ಮೇಲೆ ಹೊಳೆಯುವ ಕೆಲವು ಬಣ್ಣಗಳು ಶಾಯಿಯಲ್ಲಿ ಅಷ್ಟೇ ಹೊಳಪಿನಿಂದ ಮೂಡುವುದಿಲ್ಲ.

ಕನ್ನಡ ಅಕ್ಷರಗಳ ಸಮಸ್ಯೆ

ಕನ್ನಡ ಬರಹವುಳ್ಳ ಉಡುಪುಗಳಲ್ಲಿ ಪದೇ ಪದೇ ಕಂಡುಬರುವ ದೋಷ ಅಕ್ಷರಗಳು ಒಡೆದು ಮುದ್ರಣವಾಗುವುದು. ಒತ್ತಕ್ಷರಗಳನ್ನು ಜೋಡಿಸುವ ಸಾಮರ್ಥ್ಯವಿಲ್ಲದ ಅಥವಾ ಆ ಆಯ್ಕೆಯನ್ನು ಸಕ್ರಿಯಗೊಳಿಸದ ವಿನ್ಯಾಸ ತಂತ್ರಾಂಶದಲ್ಲಿ ‘ಕಲ್ಯಾಣ’ ಎಂಬುದು ‘ಕಲ್‌ಯಾಣ’ ಎಂದೂ, ‘ಕರ್ನಾಟಕ’ ಎಂಬುದು ‘ಕರ್‌ನಾಟಕ’ ಎಂದೂ ಮೂಡುತ್ತದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದ ಪಠ್ಯವನ್ನು, ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಕಾಣಿಸುತ್ತವೆ. ಮುದ್ರಣಾಲಯವು ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ಸಿಬ್ಬಂದಿಗೆ ಕನ್ನಡ ಓದಲು ಬಾರದಿರುವ ಸಾಧ್ಯತೆಯೂ ಇದೆ. ಆಗ ತಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ತಡೆಯಲು ಪಠ್ಯವನ್ನು ಯುನಿಕೋಡಿನಲ್ಲಿ ಬರೆದು, ಕನ್ನಡ ಸರಿಯಾಗಿ ಮೂಡುವ ತಂತ್ರಾಂಶದಲ್ಲಿ ವಿನ್ಯಾಸಗೊಳಿಸಿ, ಕಳುಹಿಸುವ ಮೊದಲು ಅಕ್ಷರಗಳನ್ನು ರೇಖಾಕೃತಿಗಳಾಗಿ ಪರಿವರ್ತಿಸಬೇಕು. ಹೀಗೆ ಮಾಡಿದ ಮೇಲೆ ಯಾವ ಗಣಕದಲ್ಲಿ ತೆರೆದರೂ ಅಕ್ಷರ ಬದಲಾಗದು. ಪರಿವರ್ತನೆಯ ಬಳಿಕ ಕಾಗುಣಿತ ತಿದ್ದಲು ಬಾರದಿರುವುದರಿಂದ, ಅದಕ್ಕೆ ಮುನ್ನ ಮತ್ತೊಬ್ಬರಿಂದ ಓದಿಸುವುದು ಒಳ್ಳೆಯ ರೂಢಿ.

ವಚನಗಳನ್ನು ಮುದ್ರಿಸುವವರು ಪಾಠದ ಶುದ್ಧತೆಯನ್ನೂ ಗಮನಿಸಬೇಕಾಗುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುವ ಹಲವು ಸಾಲುಗಳಿಗೆ ತಪ್ಪು ಅಂಕಿತ ಅಥವಾ ತಪ್ಪು ಕರ್ತೃವಿನ ಹೆಸರು ಸೇರಿಕೊಂಡಿರುತ್ತದೆ. ಕರ್ನಾಟಕ ಸರ್ಕಾರವು ಪ್ರಕಟಿಸಿದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದೊಂದಿಗೆ ಹೋಲಿಸಿ ನೋಡಿದರೆ ಇಂತಹ ತಪ್ಪುಗಳನ್ನು ತಪ್ಪಿಸಬಹುದು.

ವೆಚ್ಚ ಮತ್ತು ಲಾಭದ ಲೆಕ್ಕ

ಪರದೆ ಮುದ್ರಣ ಮತ್ತು ಬೇಡಿಕೆಯಾಧಾರಿತ ಮುದ್ರಣಗಳ ನಡುವಿನ ವ್ಯತ್ಯಾಸವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ನಾಲ್ಕು ಬಣ್ಣಗಳ ಚಿತ್ರಕ್ಕೆ ಒಂದೊಂದು ಪರದೆಗೆ 500 ರೂಪಾಯಿಯಂತೆ 2000 ರೂಪಾಯಿ ಸಿದ್ಧತಾ ವೆಚ್ಚ, ಅನಂತರ ಪ್ರತಿಯೊಂದಕ್ಕೆ 25 ರೂಪಾಯಿ ಎಂದಿಟ್ಟುಕೊಳ್ಳೋಣ. ಡಿಟಿಎಫ್‌ನಲ್ಲಿ ಸಿದ್ಧತಾ ವೆಚ್ಚವಿಲ್ಲದೆ ಪ್ರತಿಯೊಂದಕ್ಕೆ 90 ರೂಪಾಯಿ ಎಂದಿರಲಿ. 10 ಉಡುಪುಗಳಿಗೆ ಪರದೆ ಮುದ್ರಣದಲ್ಲಿ 2250 ರೂಪಾಯಿ, ಡಿಟಿಎಫ್‌ನಲ್ಲಿ 900 ರೂಪಾಯಿ ಆಗುತ್ತದೆ. 100 ಉಡುಪುಗಳಿಗೆ ಕ್ರಮವಾಗಿ 4500 ಮತ್ತು 9000 ರೂಪಾಯಿ ಆಗುತ್ತದೆ. ಈ ಲೆಕ್ಕದಲ್ಲಿ 30 ಉಡುಪುಗಳವರೆಗೆ ಡಿಟಿಎಫ್ ಅಗ್ಗ, 31ರಿಂದ ಮುಂದೆ ಪರದೆ ಮುದ್ರಣ ಅಗ್ಗ. ಆದ್ದರಿಂದ ಬೇಡಿಕೆಯಾಧಾರಿತ ಪದ್ಧತಿಯು ಪರದೆ ಮುದ್ರಣವನ್ನು ಸ್ಥಾನಪಲ್ಲಟಗೊಳಿಸಿಲ್ಲ. ಅದು ತಲುಪಲಾಗದ ಸಣ್ಣ ಪ್ರಮಾಣದ ಕೆಲಸವನ್ನು ವಹಿಸಿಕೊಂಡಿದೆ.

ದಾಸ್ತಾನು ಇಲ್ಲವೆಂದ ಮಾತ್ರಕ್ಕೆ ನಷ್ಟದ ಭಯವಿಲ್ಲವೆಂದು ತಿಳಿಯಬಾರದು. 499 ರೂಪಾಯಿಗೆ ಮಾರಿದ ಉಡುಪಿನಲ್ಲಿ ತಯಾರಿಕೆಗೆ 280, ಸಾಗಣೆಗೆ 70 ರೂಪಾಯಿ ಹೋದರೆ, ತೆರಿಗೆ ಮತ್ತು ತಾಣದ ಶುಲ್ಕಕ್ಕೆ ಮುಂಚೆ 149 ರೂಪಾಯಿ ಉಳಿಯುತ್ತದೆ. ತಲುಪಿದಾಗ ಹಣ ಕೊಡುವ ಏರ್ಪಾಡಿನಲ್ಲಿ ಗ್ರಾಹಕನು ಪೊಟ್ಟಣವನ್ನು ಸ್ವೀಕರಿಸದೆ ಹೋದರೆ ತಯಾರಿಕೆಯ 280, ಹೋಗುವ ಸಾಗಣೆ 70, ಬರುವ ಸಾಗಣೆ 70, ಒಟ್ಟು 420 ರೂಪಾಯಿ ಮಾರಾಟಗಾರನ ಮೇಲೆ ಬೀಳುತ್ತದೆ. ಒಂದು ಮರಳುವಿಕೆ ಸುಮಾರು ಮೂರು ಮಾರಾಟಗಳ ಲಾಭವನ್ನು ನುಂಗುತ್ತದೆ. ಬೇರೊಬ್ಬರ ಹೆಸರು ಅಥವಾ ಭಾವಚಿತ್ರವಿರುವ ಉಡುಪನ್ನು ಮತ್ತೆ ಮಾರಲು ಸಾಧ್ಯವಿಲ್ಲ. ಈ ಕಾರಣದಿಂದ ವೈಯಕ್ತಿಕ ವಿನ್ಯಾಸಗಳಿಗೆ ಮುಂಗಡ ಪಾವತಿಯನ್ನೇ ಪಡೆಯುವುದು ಸುರಕ್ಷಿತ.

ಬಸವಕಲ್ಯಾಣ ಮತ್ತು ಹುಮನಾಬಾದ್ ಸಂದರ್ಭ

ಬಸವಕಲ್ಯಾಣ ಮತ್ತು ಹುಮನಾಬಾದ್ ಬೀದರ್ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಪುಣೆ–ಹೈದರಾಬಾದ್ ಮಾರ್ಗದ ರಾಷ್ಟ್ರೀಯ ಹೆದ್ದಾರಿ 65 ಈ ಭಾಗದಲ್ಲಿ ಹಾದುಹೋಗುತ್ತದೆ. ಹುಮನಾಬಾದಿನಲ್ಲಿ ಅದು ಬೀದರ್–ಕಲಬುರಗಿ ಮಾರ್ಗವನ್ನು ಸಂಧಿಸುತ್ತದೆ. ಬೀದರ್–ಕಲಬುರಗಿ ರೈಲುಮಾರ್ಗವು 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. ಹುಮನಾಬಾದಿಗೆ ಈ ಮಾರ್ಗದ ರೈಲು ಸಂಪರ್ಕವೂ ಇದೆ. ಹೆದ್ದಾರಿಯ ಒಂದು ದಿಕ್ಕಿನಲ್ಲಿ ಚಾದರ, ಟವೆಲ್ ಹಾಗೂ ಸಮವಸ್ತ್ರ ತಯಾರಿಕೆಗೆ ಹೆಸರಾದ ಸೋಲಾಪುರ, ಇನ್ನೊಂದು ದಿಕ್ಕಿನಲ್ಲಿ ಹೈದರಾಬಾದ್ ಇರುವುದರಿಂದ ಖಾಲಿ ಉಡುಪು ತರುವುದಕ್ಕೂ ಸಿದ್ಧ ಉಡುಪು ಕಳುಹಿಸುವುದಕ್ಕೂ ಅನುಕೂಲವಿದೆ. ಕೇಂದ್ರ ಸರ್ಕಾರವು 2023ರಲ್ಲಿ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಒಂದು ನೆರೆಯ ಕಲಬುರಗಿ ಜಿಲ್ಲೆಗೆ ಮಂಜೂರಾಗಿದೆ.

ಸ್ಥಳೀಯ ಬೇಡಿಕೆಗೆ ಇಲ್ಲಿ ಸಂದರ್ಭಗಳು ಹಲವು. ಬಸವ ಜಯಂತಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಗಣೇಶೋತ್ಸವ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1ರ ರಾಜ್ಯೋತ್ಸವ, ಶಾಲೆಗಳ ಕ್ರೀಡಾಕೂಟ ಮತ್ತು ಹಳೆಯ ವಿದ್ಯಾರ್ಥಿಗಳ ಸಮಾವೇಶಗಳಲ್ಲಿ ಹತ್ತರಿಂದ ಐವತ್ತರಷ್ಟು ಸಂಖ್ಯೆಯ ಉಡುಪುಗಳಿಗೆ ಅವಕಾಶವಿರುತ್ತದೆ. ಬಸವಕಲ್ಯಾಣಕ್ಕೆ ಅನುಭವ ಮಂಟಪ, ಕೋಟೆ, 108 ಅಡಿ ಎತ್ತರದ ಬಸವಣ್ಣನ ಪ್ರತಿಮೆಗಳನ್ನು ನೋಡಲು ಬರುವ ಯಾತ್ರಿಕರು ನೆನಪಿನ ವಸ್ತುಗಳಿಗೆ ಸಹಜ ಗ್ರಾಹಕರಾಗಬಲ್ಲರು.

ಹವಾಮಾನವೂ ಪರಿಗಣಿಸಬೇಕಾದ ವಿಷಯ. ಇಂಕ್‌ಜೆಟ್ ಯಂತ್ರಗಳಿಗೆ ಸಾಮಾನ್ಯವಾಗಿ ಶೇಕಡಾ 40ರಿಂದ 60ರಷ್ಟು ಆರ್ದ್ರತೆ ಬೇಕು. ಬೀದರ್ ಪ್ರಸ್ಥಭೂಮಿಯ ಒಣ ಬೇಸಿಗೆಯಲ್ಲಿ ಶಾಯಿಯು ಸೂಕ್ಷ್ಮ ರಂಧ್ರಗಳಲ್ಲಿ ಒಣಗಿ ಕಟ್ಟಿಕೊಳ್ಳುತ್ತದೆ. ಬಿಳಿ ಶಾಯಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ತಳಕ್ಕೆ ಕೂರುವ ಗುಣವುಳ್ಳದ್ದಾದ್ದರಿಂದ ಅದನ್ನು ನಿತ್ಯ ಕಲಕುತ್ತಿರಬೇಕು. ಕೆಲಸವಿಲ್ಲದ ದಿನಗಳಲ್ಲೂ ಯಂತ್ರವನ್ನು ಸ್ವಲ್ಪ ಹೊತ್ತು ಚಾಲನೆಯಲ್ಲಿಡಬೇಕಾಗುತ್ತದೆ. ಆದೇಶಗಳು ಹಬ್ಬದ ಕಾಲಕ್ಕೆ ಮಾತ್ರ ಸೀಮಿತವಾದಲ್ಲಿ ಯಂತ್ರ ಕೊಳ್ಳುವುದಕ್ಕಿಂತ, ಮುದ್ರಿತ ಫಿಲ್ಮನ್ನು ನಗರದಿಂದ ತರಿಸಿಕೊಂಡು ಶಾಖದ ಒತ್ತುಯಂತ್ರವನ್ನಷ್ಟೇ ಇಟ್ಟುಕೊಳ್ಳುವುದು ಮಿತವ್ಯಯದ ಮಾರ್ಗ. ನೀರು ಹೆಚ್ಚು ಬೇಡುವ ರಿಯಾಕ್ಟಿವ್ ಮುದ್ರಣಕ್ಕಿಂತ ಡಿಟಿಎಫ್ ಮತ್ತು ಉತ್ಪತನ ವಿಧಾನಗಳು ಇಂತಹ ಪಟ್ಟಣಗಳಿಗೆ ಹೆಚ್ಚು ಹೊಂದುತ್ತವೆ.

ತೆರಿಗೆ

ಸರಕು ಮಾರಾಟ ಮಾಡುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟು. ಮೊದಲು ಅಂತರಜಾಲ ತಾಣಗಳ ಮೂಲಕ ಮಾರುವವರಿಗೆ ಈ ಮಿತಿಯ ವಿನಾಯಿತಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ಮಾರಾಟಗಾರರು ಪೂರ್ಣ ನೋಂದಣಿಯ ಬದಲು ಪ್ಯಾನ್ ಆಧಾರದ ದಾಖಲಾತಿ ಸಂಖ್ಯೆ ಪಡೆದು ಇಂತಹ ತಾಣಗಳಲ್ಲಿ ಮಾರಬಹುದಾಗಿದೆ.

ಗಡಿ ಪಟ್ಟಣಗಳಿಗೆ ಈ ನಿಯಮದ ಪರಿಣಾಮ ವಿಶೇಷವಾದುದು. ಅಂತರರಾಜ್ಯ ಮಾರಾಟಕ್ಕೆ ವಹಿವಾಟು ಎಷ್ಟೇ ಕಡಿಮೆಯಿದ್ದರೂ ಸಾಮಾನ್ಯವಾಗಿ ನೋಂದಣಿ ಕಡ್ಡಾಯ. ಬಸವಕಲ್ಯಾಣದ ಮಾರಾಟಗಾರನು ನೂರಾರು ಕಿಲೋಮೀಟರ್ ದೂರದ ಬೆಂಗಳೂರಿಗೆ ನೋಂದಣಿಯಿಲ್ಲದೆ ಉಡುಪು ಕಳುಹಿಸಬಹುದು. ಗಡಿಯಾಚೆ ಸಮೀಪದಲ್ಲೇ ಇರುವ ಮಹಾರಾಷ್ಟ್ರದ ಉಮರ್ಗಾಕ್ಕೋ ತೆಲಂಗಾಣದ ಜಹೀರಾಬಾದಿಗೋ ಕಳುಹಿಸಲಾರನು. ಕೈಯಿಂದಲೇ ತಯಾರಾದ ಕೆಲವು ಕರಕುಶಲ ವಸ್ತುಗಳಿಗೆ ಇದರಿಂದ ವಿನಾಯಿತಿ ಇದೆಯಾದರೂ ಯಂತ್ರಮುದ್ರಿತ ಉಡುಪು ಆ ವರ್ಗಕ್ಕೆ ಸೇರದು. ಮುದ್ರಣ ಸಂಸ್ಥೆ ಬೇರೆ ರಾಜ್ಯದಲ್ಲಿದ್ದರೆ ವ್ಯವಹಾರದ ತೆರಿಗೆ ಸ್ವರೂಪ ಇನ್ನಷ್ಟು ಜಟಿಲವಾಗುವುದರಿಂದ ಆರಂಭದಲ್ಲಿಯೇ ತೆರಿಗೆ ಸಲಹೆಗಾರರನ್ನು ಕಾಣುವುದು ಉಚಿತ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ದರಗಳಂತೆ 2500 ರೂಪಾಯಿವರೆಗಿನ ಉಡುಪಿಗೆ ಶೇಕಡಾ 5, ಅದಕ್ಕಿಂತ ಹೆಚ್ಚಿನ ಬೆಲೆಯದಕ್ಕೆ ಶೇಕಡಾ 18 ಜಿಎಸ್‌ಟಿ ಇದೆ.

ಹಕ್ಕುಸ್ವಾಮ್ಯ ಮತ್ತು ಇತರ ಕಾನೂನುಗಳು

1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಸಾಹಿತ್ಯ ಮತ್ತು ಕಲಾಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿ ಹಾಗೂ ಅನಂತರದ 60 ವರ್ಷಗಳವರೆಗೆ ಇರುತ್ತದೆ. 12ನೆಯ ಶತಮಾನದ ವಚನಗಳ ಮೂಲಪಾಠಕ್ಕೆ ಈ ನಿರ್ಬಂಧವಿಲ್ಲ. ಆದರೆ ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ಆಧುನಿಕ ಚಿತ್ರಗಳು ಇತ್ತೀಚಿನ ಕಲಾವಿದರ ಕೃತಿಗಳಾಗಿದ್ದು, ಅವುಗಳನ್ನು ಬಳಸಲು ಅನುಮತಿ ಬೇಕಾಗಬಹುದು. ಚಲನಚಿತ್ರದ ಭಿತ್ತಿಚಿತ್ರ, ಕ್ರೀಡಾ ತಂಡದ ಲಾಂಛನ, ಕಂಪನಿಗಳ ಚಿಹ್ನೆಗಳನ್ನು ಅನುಮತಿಯಿಲ್ಲದೆ ಮುದ್ರಿಸಿ ಮಾರುವುದು ಹಕ್ಕುಸ್ವಾಮ್ಯ ಅಥವಾ ಟ್ರೇಡ್‌ಮಾರ್ಕ್ ಉಲ್ಲಂಘನೆಯಾಗುತ್ತದೆ. ಅಂತರಜಾಲದಲ್ಲಿ ದೊರೆತ ಚಿತ್ರವೆಲ್ಲ ಉಚಿತ ಎಂಬ ಭಾವನೆ ತಪ್ಪು.

ಸ್ವಂತ ವಿನ್ಯಾಸ ಮಾಡುವವರು ಅರಿಯಬೇಕಾದ ಮತ್ತೊಂದು ನಿಯಮವಿದೆ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದನ್ನು ಅಳವಡಿಸಿದ ವಸ್ತುವನ್ನು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ಉತ್ಪಾದಿಸಿದರೆ ಆ ವಿನ್ಯಾಸದ ಮೇಲಿನ ಹಕ್ಕುಸ್ವಾಮ್ಯ ಕೊನೆಗೊಳ್ಳುತ್ತದೆ. ಆದ್ದರಿಂದ ಬಟ್ಟೆಗೆಂದೇ ರೂಪಿಸಿದ ಹೊಸ ವಿನ್ಯಾಸವನ್ನು ಪ್ರಕಟಿಸುವ ಮೊದಲೇ ನೋಂದಣಿ ಮಾಡಿಸುವುದು ಸೂಕ್ತ. ನೋಂದಣಿಯು ಮೊದಲು 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ನೀಡುತ್ತದೆ.

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಸಂಡೂರಿನ ಲಂಬಾಣಿ ಕಸೂತಿ ಮುಂತಾದವು ಭೌಗೋಳಿಕ ಸೂಚಿಕೆಯ ರಕ್ಷಣೆ ಪಡೆದಿವೆ. ಅವುಗಳ ಚಿತ್ರವನ್ನು ಮುದ್ರಿಸಿದ ಬಟ್ಟೆಯನ್ನು ಅದೇ ಹೆಸರಿನಿಂದ ಮಾರುವಂತಿಲ್ಲ. ಹಾಗೆ ಮಾರಿದರೆ ಕೊಳ್ಳುವವನು ಮೋಸಹೋಗುವುದಲ್ಲದೆ ನೇಕಾರ ಮತ್ತು ಕಸೂತಿಗಾರ್ತಿಯರ ದುಡಿಮೆಯ ಬೆಲೆಯೂ ಕುಸಿಯುತ್ತದೆ. ರಾಷ್ಟ್ರಧ್ವಜವನ್ನು ಸೊಂಟದ ಕೆಳಗಿನ ಉಡುಪು, ಒಳ ಉಡುಪು, ಕರವಸ್ತ್ರ ಮುಂತಾದವುಗಳ ಮೇಲೆ ಮುದ್ರಿಸುವುದು 1971ರ ರಾಷ್ಟ್ರಗೌರವ ಕಾಯಿದೆಯಂತೆ ಅಪರಾಧ.

2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳಂತೆ, ಸರಕು ದೋಷಯುಕ್ತವಾಗಿದ್ದರೆ ಅಥವಾ ವಿವರಿಸಿದಂತೆ ಇಲ್ಲದಿದ್ದರೆ ಮಾರಾಟಗಾರನು ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ‘ಗ್ರಾಹಕನ ಕೋರಿಕೆಯಂತೆ ಮುದ್ರಿಸಿದ್ದು’ ಎಂಬ ಕಾರಣವು ಮುದ್ರಣದ ತಪ್ಪಿಗೆ ರಕ್ಷಣೆಯಾಗದು.

ಪರಿಸರ ಮತ್ತು ಆರೋಗ್ಯ

ಮಾರಾಟವಾಗದ ಉಡುಪುಗಳ ರಾಶಿ ಬೀಳದಿರುವುದು ಈ ಪದ್ಧತಿಯ ದೊಡ್ಡ ಗುಣ. ಆದರೆ ಒಂದೊಂದು ಉಡುಪನ್ನೂ ಪ್ರತ್ಯೇಕ ಪೊಟ್ಟಣದಲ್ಲಿ ದೂರಕ್ಕೆ ಸಾಗಿಸುವುದರಿಂದ ಪ್ಲಾಸ್ಟಿಕ್ ಮತ್ತು ಇಂಧನದ ಬಳಕೆ ಹೆಚ್ಚುತ್ತದೆ. ಡಿಟಿಎಫ್‌ನಲ್ಲಿ ಬಳಸಿದ ಫಿಲ್ಮ್ ತ್ಯಾಜ್ಯವಾಗಿ ಉಳಿಯುತ್ತದೆ. ಅಂಟಿನ ಪುಡಿಯನ್ನು ಕರಗಿಸುವಾಗ ಹೊಗೆ ಏಳುವುದರಿಂದ ಕೋಣೆಯಲ್ಲಿ ಗಾಳಿ ಹೊರಹೋಗುವ ವ್ಯವಸ್ಥೆ ಇರಬೇಕು. ಪುಡಿಯನ್ನು ಉದುರಿಸುವವರು ಮುಖಗವಸು ಧರಿಸಬೇಕು. ಮನೆಯ ಅಡುಗೆಕೋಣೆಯ ಪಕ್ಕದಲ್ಲಿ ಇಂತಹ ಯಂತ್ರವನ್ನು ಇಡುವುದು ಸರಿಯಲ್ಲ.

ಹಣಕಾಸಿನ ನೆರವು

ಸ್ವಂತ ಘಟಕ ಸ್ಥಾಪಿಸಬಯಸುವವರಿಗೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ ಯೋಜನಾ ವೆಚ್ಚದ ಶೇಕಡಾ 15ರಿಂದ 35ರಷ್ಟು ಸಹಾಯಧನಕ್ಕೆ ಅವಕಾಶವಿದೆ. ಗ್ರಾಮೀಣ ಪ್ರದೇಶ ಹಾಗೂ ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮೊದಲಾದ ವರ್ಗಗಳಿಗೆ ಪ್ರಮಾಣ ಹೆಚ್ಚು. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ ವಿಭಾಗದಲ್ಲಿ 5 ಲಕ್ಷ ರೂಪಾಯಿವರೆಗೆ ಸಾಲ ದೊರೆಯುತ್ತದೆ. ಸಾಲ ಪಡೆದು ಯಂತ್ರ ಕೊಳ್ಳುವ ಮುನ್ನ ಕೆಲವು ತಿಂಗಳ ಕಾಲ ಹೊರಗಿನ ಮುದ್ರಣಾಲಯದಿಂದ ಕೆಲಸ ಮಾಡಿಸಿ, ನಿಜವಾಗಿ ಬರುವ ಆದೇಶಗಳ ಸಂಖ್ಯೆಯನ್ನು ತಿಳಿದುಕೊಂಡರೆ ಯಾವ ಯಂತ್ರ ಬೇಕು, ಯಂತ್ರವೇ ಬೇಕೇ ಎಂಬುದು ಸ್ಪಷ್ಟವಾಗುತ್ತದೆ.